ತೋಳು ಮುರಿದ ಸ್ವಾಮಿ

ಮೊದಲು ಹೋಗುವುದು ಬೆರಳು. ಆಮೇಲೆ ಮುಳ್ಳಿನ ಕಿರೀಟದ ಒಂದೆರಡು ಮುಳ್ಳು. ಅದಾದ ಮೇಲೆ ತೋಳು, ಅದೂ ಭುಜದ ಸಂದಿಯಲ್ಲೇ. ಶಿಲುಬೆಯ ಮೇಲೆ ಕೈ ಚಾಚಿರುವ ಯೇಸುಸ್ವಾಮಿಯ ಮೈಯನ್ನು ಸಾಮಾನ್ಯವಾಗಿ ಒಂದೇ ತುಂಡಿನಲ್ಲಿ ಮಾಡುವುದಿಲ್ಲ. ಮರದಲ್ಲಿ ಕೆತ್ತುವವರಿಗೆ ಅಷ್ಟು ಅಗಲದ ದಿಮ್ಮಿ ಸಿಗುವುದು ಕಷ್ಟ, ಸಿಕ್ಕರೂ ತೋಳಿನ ಕಡೆ ನಾರು ಅಡ್ಡ ಬಂದು ಸೀಳುತ್ತದೆ. ಪ್ಲಾಸ್ಟರಿನಲ್ಲಿ ಎರಕ ಹೊಯ್ಯುವವರಿಗೆ ಅಚ್ಚು ಬಿಡಿಸುವ ತಾಪತ್ರಯ. ಹಾಗಾಗಿ ತೋಳನ್ನು ಬೇರೆ ಮಾಡಿ ಆಮೇಲೆ ಕೂಡಿಸುತ್ತಾರೆ. ಕೂಡಿಸಿದ ಕಡೆಯೇ ಒಂದು ದಿನ ಬಿಟ್ಟುಕೊಳ್ಳುತ್ತದೆ.

ಮೂವತ್ತೈದು ವರ್ಷದಿಂದ ನನ್ನ ಹೊಟ್ಟೆಪಾಡು ಇದೇ. ದೇವಾಲಯಗಳ, ಕಾನ್ವೆಂಟುಗಳ, ಮನೆಗಳ ಮುರಿದ ಸ್ವರೂಪಗಳನ್ನು ಸರಿಮಾಡಿ ಬಣ್ಣ ಹಚ್ಚಿ ಕೊಡುತ್ತೇನೆ. ಸ್ವರೂಪ ಅಂದರೆ ನಮ್ಮ ಕಥೋಲಿಕರ ಮಾತಿನಲ್ಲಿ ಪ್ರತಿಮೆ. ಬೆಂಗಳೂರಿನಲ್ಲಿ ನಮ್ಮ ಮನೆಯ ಹಿಂದೆ ಒಂದು ಶೀಟಿನ ಶೆಡ್ಡಿದೆ. ಅದರೊಳಗೆ ಮೂಗು ಕಿತ್ತ ಸಂತ ಅಂತೋಣಿ, ಬಾಣ ಉದುರಿದ ಸಂತ ಸೆಬಾಸ್ಟಿಯನ್, ಕಿರೀಟ ಕಳೆದುಕೊಂಡ ಮರಿಯಮ್ಮ ಎಲ್ಲರೂ ಸರದಿಯಲ್ಲಿ ನಿಂತಿರುತ್ತಾರೆ. ಆದರೆ ಹೆಚ್ಚು ಬರುವುದು ಶಿಲುಬೆಗೇರಿದ ಸ್ವಾಮಿಯೇ. ಗೋಡೆಯಲ್ಲಿ ಮೊಳೆಗೆ ನೇತಾಡುವ ವಸ್ತು ನೋಡಿ, ಬೀಳುವುದೂ ಜಾಸ್ತಿ.

ಎರಡು ವರ್ಷದ ಹಿಂದೆ ಬಾಗಲಕೋಟೆ ಕಡೆಯ ಒಬ್ಬ ಹುಡುಗ ಕೈಕೆಲಸಕ್ಕೆ ಸೇರಿದ. ಚುರುಕು ಹುಡುಗ. ಸೇರಿದ ವಾರಕ್ಕೆ ಎರಡೂ ತೋಳು ಹೋಗಿದ್ದ ಒಂದು ಸ್ವರೂಪವನ್ನು ಬೆಂಚಿನ ಮೇಲೆ ಮಲಗಿಸಿ ಡ್ರಿಲ್ ಹಾಕುತ್ತಿದ್ದೆ. ಅವನು ದೂರ ನಿಂತುಕೊಂಡು ಕೇಳಿದ: "ಅಣ್ಣಾರ, ನಮ್ಮ ಕಡೆ ಭಿನ್ನ ಆದ ಮೂರ್ತಿ ಪೂಜಾ ಮಾಡಂಗಿಲ್ರೀ. ಹೊಳ್ಯಾಗ ಬಿಡ್ತಾರ. ನೀವು ಇದನ್ನ ಮತ್ತ ಜೋಡಿಸಿ ಗುಡ್ಯಾಗ ಇಡ್ತೀರೇನು?"

ಜೋಡಿಸಿ ಇಡುತ್ತೇವೆ, ನಮ್ಮಲ್ಲಿ ಹಾಗೇನಿಲ್ಲ ಎಂದು ಹೇಳಿ ಕೆಲಸ ಮುಂದುವರಿಸಿದೆ. ಆದರೆ ರಾತ್ರಿ ಊಟಕ್ಕೆ ಕೂತಾಗ ಅವನ ಮಾತು ಮತ್ತೆ ಬಂತು. ಭಿನ್ನ ಆಗಿರುವುದು ತೋಳು ಮಾತ್ರವಾ? ಆ ಮೈಯನ್ನು ನೋಡಿ. ಎರಡು ಅಂಗೈಯಲ್ಲಿ ಮೊಳೆ, ಎರಡೂ ಪಾದ ಸೇರಿಸಿ ಒಂದು ಮೊಳೆ, ಪಕ್ಕೆಯಲ್ಲಿ ಈಟಿಯ ಸೀಳು, ಹಣೆಯ ತುಂಬ ಮುಳ್ಳಿನ ಗಾಯ, ಮಂಡಿ ಎರಡೂ ತರಚಿ ಹೋಗಿವೆ. ತಯಾರಾಗಿ ಅಂಗಡಿಯಿಂದ ಹೊರಬರುವಾಗಲೇ ಅದು ಭಿನ್ನವಾದ ಮೂರ್ತಿ. ನಾನು ಮಾಡುವ ಕೆಲಸವೂ ವಿಚಿತ್ರವೇ. ಬಿದ್ದು ಆದ ಗಾಯವನ್ನು ಎಂ-ಸೀಲ್ ಹಾಕಿ ಕಾಣದ ಹಾಗೆ ಮುಚ್ಚುತ್ತೇನೆ. ರೋಮನ್ ಸೈನಿಕರು ಮಾಡಿದ ಗಾಯಕ್ಕೆ ಸಣ್ಣ ಬ್ರಷ್ಷಿನಲ್ಲಿ ಕೆಂಪು ಹಚ್ಚಿ ಇನ್ನಷ್ಟು ಕಾಣುವ ಹಾಗೆ ಮಾಡುತ್ತೇನೆ.

ನಮ್ಮ ಅಜ್ಜಿಯ ಕಾಲದವರು ಇದನ್ನು ಪಾಡುಪಟ್ಟ ಸ್ವರೂಪ ಅನ್ನುತ್ತಿದ್ದರು. ಶಿಲುಬೆ ಅನ್ನುವ ಶಬ್ದ ಸಿರಿಯಾಕ್ ಭಾಷೆಯದು, ತಮಿಳಿನ ಸಿಲುವೈ ಕೂಡ ಅಲ್ಲಿಂದಲೇ ಬಂದದ್ದು. ಮಂಗಳೂರಿನ ಕೊಂಕಣಿಯವರು ಪೋರ್ಚುಗೀಸರ ಮಾತನ್ನು ತಿದ್ದಿಕೊಂಡು ಖುರಿಸ್ ಅನ್ನುತ್ತಾರೆ. ಪಾಡು ಮಾತ್ರ ನಮ್ಮದೇ ಮಾತು. ನಾಯಿಪಾಡು, ಹೊಟ್ಟೆಪಾಡು, ಅವರವರ ಪಾಡು ಅವರವರಿಗೆ ಅನ್ನುತ್ತೇವಲ್ಲ, ಅದೇ ಪಾಡು. ಯೇಸುಸ್ವಾಮಿಯ ಕಡೆಯ ಗಂಟೆಗಳ ಸಂಕಟವನ್ನು ಹೇಳಲು ಹಿಂದಿನವರು ದೊಡ್ಡ ಸಂಸ್ಕೃತ ಪದ ಹುಡುಕಲಿಲ್ಲ. ನಮ್ಮ ಮನೆಯಲ್ಲಿ ದಿನಾ ಓಡಾಡುವ ಪದವನ್ನೇ ದೇವರ ಮೇಲೆ ಹೊದಿಸಿದರು.

ಬರೀ ಶಿಲುಬೆ ಬೇರೆ, ಪಾಡುಪಟ್ಟ ಸ್ವರೂಪ ಬೇರೆ. ಎರಡು ಮರದ ತುಂಡು ಅಡ್ಡ ಉದ್ದ ಇಟ್ಟರೆ ಶಿಲುಬೆ. ಅದರ ಮೇಲೆ ಮೈ ಇದ್ದರೆ ಸ್ವರೂಪ. ಸಿಎಸ್‌ಐ ಮೊದಲಾದ ಪ್ರಾಟೆಸ್ಟೆಂಟ್ ದೇವಾಲಯಗಳಿಗೆ ಹೋದರೆ ಸಾಮಾನ್ಯವಾಗಿ ಬರೀ ಶಿಲುಬೆಯೇ ಕಾಣುವುದು. ನನ್ನ ಜೊತೆ ಸೈನ್‌ಬೋರ್ಡ್ ಬರೆಯುತ್ತಿದ್ದ ಒಬ್ಬ ಗೆಳೆಯ ಆ ಸಭೆಯವನು. "ಮೂರನೇ ದಿನ ಎದ್ದು ಹೋದವರನ್ನು ನೀವು ಇನ್ನೂ ಯಾಕಪ್ಪಾ ಮೊಳೆ ಹೊಡೆದು ಇಟ್ಟಿದ್ದೀರಿ?" ಎಂದು ಕೆಣಕುತ್ತಿದ್ದ. ಪ್ರಶ್ನೆ ಸರಿಯಾದದ್ದೇ. ಸುಧಾರಣೆಯ ಕಾಲದಲ್ಲಿ ಕ್ಯಾಲ್ವಿನ್ ಕಡೆಯವರು ದೇವಾಲಯದಿಂದ ಪ್ರತಿಮೆಗಳನ್ನೇ ಹೊರಗೆ ಹಾಕಿದರು, ಲೂಥರ್ ಕಡೆಯವರು ಈ ಸ್ವರೂಪವನ್ನು ಉಳಿಸಿಕೊಂಡರು. ಅವರವರಲ್ಲೇ ಒಮ್ಮತ ಇರಲಿಲ್ಲ ಅನ್ನಿ.

ಕಥೋಲಿಕ ಧರ್ಮಸಭೆಯ ಉತ್ತರ ಬಲಿಪೂಜೆಗೆ ಸೇರಿದ್ದು. ಪ್ರತಿ ಪೂಜೆಯಲ್ಲೂ ನಡೆಯುವುದು ಕಲ್ವಾರಿ ಗುಡ್ಡದಲ್ಲಿ ಅರ್ಪಣೆಯಾದ ಅದೇ ಬಲಿ, ಬೇರೆ ಹೊಸ ಬಲಿಯಲ್ಲ ಎಂಬುದು ನಮ್ಮ ನಂಬಿಕೆ. ಅದಕ್ಕೇ ಪೂಜೆಯ ಹೊತ್ತಿಗೆ ಪೀಠದ ಮೇಲಾಗಲಿ ಪಕ್ಕದಲ್ಲಾಗಲಿ ಶಿಲುಬೆ ಇರಲೇಬೇಕು, ಅದರ ಮೇಲೆ ಕ್ರಿಸ್ತರ ಮೈ ಇರಲೇಬೇಕು ಎಂದು ಪೂಜಾವಿಧಿಯ ನಿಯಮವೇ ಇದೆ. ಜಪಸರವೂ ಶುರುವಾಗುವುದು ಅದರ ತುದಿಯ ಸ್ವರೂಪವನ್ನು ಹಿಡಿದುಕೊಂಡೇ.

ಅಜ್ಜಿಯ ಉತ್ತರ ಬೇರೆ ಇತ್ತು. ನನ್ನ ಗೆಳೆಯನ ಪ್ರಶ್ನೆಯನ್ನು ನಾನು ಮನೆಗೆ ತಂದು ಅವಳ ಮುಂದೆ ಇಟ್ಟಾಗ, ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಲೇ ಅಂದಳು: "ಎದ್ದಿದ್ದು ನನಗೂ ಗೊತ್ತು ಕಣೋ. ಮಂಡಿ ಹಿಡಿದುಕೊಂಡು ರಾತ್ರಿಯೆಲ್ಲಾ ನಿದ್ದೆ ಬರದಾಗ ಎದ್ದು ಹೋದೋನ ಹತ್ರ ಏನ್ ಹೇಳ್ಕೊಳ್ಳಲಿ?"

ಹಾಗಂತ ಕ್ರೈಸ್ತರು ಮೊದಲಿನಿಂದಲೂ ಈ ಸ್ವರೂಪವನ್ನು ಇಟ್ಟುಕೊಂಡವರಲ್ಲ. ಮೊದಮೊದಲು ಅವರಿಗೆ ಅದು ನಾಚಿಕೆಯ ವಿಷಯ. ರೋಮನರು ಶಿಲುಬೆಗೆ ಹಾಕುತ್ತಿದ್ದದ್ದು ಗುಲಾಮರನ್ನು, ದಂಗೆಕೋರರನ್ನು. ಸ್ಪಾರ್ಟಕಸ್‌ನ ದಂಗೆ ಅಡಗಿದ ಮೇಲೆ, ಕ್ರಿ.ಪೂ. 71ರಲ್ಲಿ, ಸಿಕ್ಕಿಬಿದ್ದ ಸುಮಾರು 6,000 ಗುಲಾಮರನ್ನು ಕಪುವಾದಿಂದ ರೋಮ್‌ವರೆಗಿನ ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಿದರು. ಅಂಥದ್ದನ್ನು ಕಣ್ಣಾರೆ ಕಂಡ ಜನ ಅದರ ಚಿತ್ರವನ್ನು ಮನೆಯಲ್ಲಿ ಹೇಗೆ ನೇತುಹಾಕಿಯಾರು? ನಾವು ಗಲ್ಲುಗಂಬವನ್ನು ಚಿನ್ನದಲ್ಲಿ ಮಾಡಿಸಿ ಕೊರಳಿಗೆ ಹಾಕಿಕೊಂಡ ಹಾಗೆ. ಮೀನು, ಲಂಗರು, ಕುರಿ ಹೊತ್ತ ಕುರುಬ, ಇವೇ ಅವರ ಗುರುತುಗಳಾಗಿದ್ದವು.

ಶಿಲುಬೆಗೇರಿದ ಕ್ರಿಸ್ತನ ಅತ್ಯಂತ ಹಳೆಯ ಚಿತ್ರಗಳಲ್ಲೊಂದನ್ನು ಬರೆದವನು ಭಕ್ತನೇ ಅಲ್ಲ, ಗೇಲಿ ಮಾಡಿದವನು. ರೋಮ್‌ನ ಪಾಲಟೈನ್ ಗುಡ್ಡದ ಒಂದು ಗೋಡೆಯ ಮೇಲೆ ಯಾರೋ ಮೊಳೆಯಲ್ಲಿ ಗೀಚಿದ್ದು 1857ರಲ್ಲಿ ಸಿಕ್ಕಿತು. ಶಿಲುಬೆಯ ಮೇಲೆ ಕತ್ತೆಯ ತಲೆಯ ಮನುಷ್ಯ, ಕೆಳಗೆ ಕೈ ಎತ್ತಿ ನಿಂತ ಒಬ್ಬ ಹುಡುಗ, ಅಲೆಕ್ಸಮೆನೋಸ್ ತನ್ನ ದೇವರಿಗೆ ಕೈಮುಗಿಯುತ್ತಿದ್ದಾನೆ ಅನ್ನುವ ಅರ್ಥದ ಗ್ರೀಕ್ ಬರಹ. ಸುಮಾರು ಕ್ರಿ.ಶ. 200ರ ಆಸುಪಾಸಿನದು ಅನ್ನುತ್ತಾರೆ. ಶಾಲೆಯ ಗೋಡೆಯ ಮೇಲೆ ಹುಡುಗರು ಮೇಷ್ಟರ ಚಿತ್ರ ಗೀಚುತ್ತಾರಲ್ಲ, ಆ ಜಾತಿಯದು. ದೇವಾಲಯದಲ್ಲೇ ಈ ದೃಶ್ಯ ಕಾಣಿಸಿಕೊಂಡದ್ದು ರೋಮ್‌ನ ಸಾಂತಾ ಸಬೀನಾದ ಮರದ ಬಾಗಿಲಲ್ಲಿ, 432ರ ಸುಮಾರಿಗೆ. ಅಷ್ಟು ಹೊತ್ತಿಗೆ ರೋಮನ್ ಸಾಮ್ರಾಜ್ಯ ಆ ಶಿಕ್ಷೆಯನ್ನೇ ನಿಲ್ಲಿಸಿ ನೂರು ವರ್ಷವಾಗಿತ್ತು. ಕಂಡವರೆಲ್ಲ ಸತ್ತ ಮೇಲೆ ಚಿತ್ರ ಬರೆಯಲು ಧೈರ್ಯ ಬಂತು.

ಆ ಮೇಲೂ ಬಹಳ ಕಾಲ ಶಿಲುಬೆಯ ಮೇಲಿನ ಸ್ವಾಮಿ ಕಣ್ಣು ಬಿಟ್ಟುಕೊಂಡು ನೆಟ್ಟಗೆ ನಿಂತಿರುತ್ತಿದ್ದರು, ಸಿಂಹಾಸನದ ಮುಂದೆ ನಿಂತ ರಾಜನ ಹಾಗೆ. ಜರ್ಮನಿಯ ಕಲೋನ್ ನಗರದ ಕಥೀಡ್ರಲಿನಲ್ಲಿ ಓಕ್ ಮರದ ಒಂದು ಸ್ವರೂಪವಿದೆ, ಗೆರೋ ಶಿಲುಬೆ ಅನ್ನುತ್ತಾರೆ. ಸುಮಾರು 970ರದ್ದು, ಎತ್ತರ 187 ಸೆಂಟಿಮೀಟರು, ಅಂದರೆ ಆಳುದ್ದ. ಒಬ್ಬರು ಫಾದರ್ ವರ್ಗವಾಗಿ ಹೋಗುವಾಗ ನನಗೆ ಕೊಟ್ಟ ದಪ್ಪ ಚಿತ್ರಪುಸ್ತಕದಲ್ಲಿ ಅದನ್ನು ನೋಡಿದೆ. ಅದರಲ್ಲಿ ಮಾತ್ರ ಕಣ್ಣು ಮುಚ್ಚಿದೆ, ತಲೆ ಬಲಕ್ಕೆ ಜೋತುಬಿದ್ದಿದೆ, ಮೈಯ ಭಾರಕ್ಕೆ ತೋಳಿನ ಸ್ನಾಯು ಎಳೆದುಕೊಂಡಿದೆ, ಹೊಟ್ಟೆ ಉಬ್ಬಿ ಮುಂದೆ ಬಂದಿದೆ. ಕೆತ್ತಿದವನು ಹೆಣ ನೋಡಿದ್ದವನು, ಅನುಮಾನವೇ ಇಲ್ಲ. ನಮ್ಮ ಕೈಗೆ ಬರುವ ಪ್ಲಾಸ್ಟರ್ ಸ್ವರೂಪಗಳಲ್ಲಿ ಹೊಟ್ಟೆ ವ್ಯಾಯಾಮ ಮಾಡಿದವರ ಹೊಟ್ಟೆಯ ಹಾಗೆ ಚೊಕ್ಕಟವಾಗಿರುತ್ತದೆ. ಬಣ್ಣದ್ದಂತೂ ಕೇಳಲೇಬೇಡಿ. "ಇನ್ನೂ ಸ್ವಲ್ಪ ಬೆಳ್ಳಗೆ ಮಾಡಿ" ಎನ್ನುವ ಗಿರಾಕಿಗಳೇ ಹೆಚ್ಚು. ಪ್ಯಾಲೆಸ್ತೀನದ ಬಿಸಿಲಲ್ಲಿ ಓಡಾಡಿದ ಬಡಗಿಯ ಮೈಯಪ್ಪಾ ಅದು ಎಂದು ಹೇಳಿ, ಅವರು ಅತ್ತ ಹೋದ ಮೇಲೆ ಒಂದು ಹನಿ ಕಂದು ಬಣ್ಣ ಬೆರೆಸಿಬಿಡುತ್ತೇನೆ.

ಅದೇ ಪುಸ್ತಕದಲ್ಲಿ ನನಗೆ ನಿದ್ದೆಗೆಡಿಸಿದ ಚಿತ್ರ ಇನ್ನೊಂದಿದೆ. ಗ್ರೂನೆವಾಲ್ಡ್ ಎಂಬ ಚಿತ್ರಕಾರ 1512ರಿಂದ 1516ರ ನಡುವೆ ಈಸೆನ್‌ಹೈಮ್ ಎಂಬ ಊರಿನ ಮಠಕ್ಕೆ ಬರೆದುಕೊಟ್ಟದ್ದು, ಈಗ ಫ್ರಾನ್ಸಿನ ಕೊಲ್ಮಾರ್‌ನ ಮ್ಯೂಸಿಯಮ್ಮಿನಲ್ಲಿದೆ. ಆ ಮಠದ ಸನ್ಯಾಸಿಗಳು ಆಸ್ಪತ್ರೆ ನಡೆಸುತ್ತಿದ್ದರು. ಅಲ್ಲಿ ಬರುತ್ತಿದ್ದವರು ಸಂತ ಅಂತೋಣಿಯ ಬೆಂಕಿ ಎಂದು ಕರೆಯುತ್ತಿದ್ದ ರೋಗದವರು. ರೈ ಎಂಬ ಧಾನ್ಯಕ್ಕೆ ಹಿಡಿಯುವ ಬೂಷ್ಟು ರೊಟ್ಟಿಯ ಮೂಲಕ ಹೊಟ್ಟೆಗೆ ಹೋಗಿ, ಕೈಕಾಲು ಉರಿದು, ಕಪ್ಪಾಗಿ, ಕೊಳೆತು ಬೀಳುತ್ತಿತ್ತು. ಗ್ರೂನೆವಾಲ್ಡ್ ಬರೆದ ಕ್ರಿಸ್ತನ ಮೈತುಂಬ ಹುಣ್ಣು. ಚರ್ಮ ಹಸಿರು ತಿರುಗಿದೆ. ಬೆರಳುಗಳು ಮೊಳೆಯ ಸುತ್ತ ಸೆಟೆದು ಕೊಕ್ಕೆಯಾಗಿವೆ. ತಮ್ಮ ಮೈಯಲ್ಲಿ ಏನಿದೆಯೋ ಅದೇ ಪೀಠದ ಮೇಲಿನ ದೇವರ ಮೈಯಲ್ಲೂ ಇರುವುದನ್ನು ಆ ರೋಗಿಗಳು ನೋಡುತ್ತಿದ್ದರು. ನಮ್ಮ ಅಜ್ಜಿ ಮಂಡಿ ನೋವಿಗೆ ಹೇಳಿದ್ದೂ ಬೇರೇನಲ್ಲ.

ಈ ಸ್ವರೂಪವನ್ನು ಹೆದರಿಸಲೂ ಬಳಸಿದ್ದಾರೆ, ಅದನ್ನು ಮುಚ್ಚಿಡುವುದು ಬೇಡ. ಗೋವೆಗೆ ಹೋದವರು ಪಣಜಿಯ ಫೊಂಟೆನಾಸ್ ಬೀದಿಗಳಲ್ಲಿ ತಿರುಗಾಡಿರುತ್ತೀರಿ. ಅಲ್ಲಿನ ಸಂತ ಸೆಬಾಸ್ಟಿಯನ್ನರ ಪುಟ್ಟ ದೇವಾಲಯದಲ್ಲಿರುವ ದೊಡ್ಡ ಸ್ವರೂಪ ಹಿಂದೆ ಹಳೇ ಗೋವೆಯ ಇಂಕ್ವಿಸಿಷನ್ ಅರಮನೆಯಲ್ಲಿ ಇದ್ದದ್ದು. ಧರ್ಮ ತಪ್ಪಿದರೆಂದು ಜನರನ್ನು ಹಿಡಿದು ತಂದು ವಿಚಾರಣೆ ಮಾಡುತ್ತಿದ್ದ ಆ ವ್ಯವಸ್ಥೆ ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ನಡೆಯಿತು. ಆ ಸ್ವರೂಪದ ತಲೆ ಬಾಗಿಲ್ಲ, ಕಣ್ಣು ತೆರೆದೇ ಇವೆ. ಎದುರಿಗೆ ನಿಂತವನಿಗೆ ನಡುಕ ಹುಟ್ಟಿಸಲೆಂದೇ ಹೀಗೆ ಮಾಡಿಸಿದ್ದು ಎಂದು ಅಲ್ಲಿನವರು ಹೇಳುತ್ತಾರೆ. ನಾನು ಹೋದಾಗ ಹತ್ತು ನಿಮಿಷ ನಿಂತು ನೋಡಿದೆ. ಕೆಲಸ ಬಹಳ ಚೆನ್ನಾಗಿದೆ. ನನಗೆ ಮೊಣಕಾಲೂರಲು ಮಾತ್ರ ಆಗಲಿಲ್ಲ.

ಕ್ರೈಸ್ತರಲ್ಲದವರಿಗೂ ಈ ಆಕೃತಿ ತಟ್ಟಿದ್ದುಂಟು. 1931ರ ಡಿಸೆಂಬರಿನಲ್ಲಿ ದುಂಡುಮೇಜಿನ ಸಭೆ ಮುಗಿಸಿ ಬರುತ್ತಿದ್ದ ಗಾಂಧೀಜಿ ರೋಮ್‌ನಲ್ಲಿ ಇಳಿದು ವ್ಯಾಟಿಕನ್ ನೋಡಿದರು. ಪೋಪ್ ಭೇಟಿ ಆಗಲಿಲ್ಲ. ಆದರೆ ಅಲ್ಲಿ ಶಿಲುಬೆಗೇರಿದ ಕ್ರಿಸ್ತನ ಒಂದು ಪ್ರತಿಮೆಯ ಮುಂದೆ ನಿಂತವರಿಗೆ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ, ಕಣ್ಣಲ್ಲಿ ನೀರು ಬಂತು ಎಂದು ಅವರೇ ಹೇಳಿಕೊಂಡಿದ್ದಾರೆ. ಕನ್ನಡದಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನೇ ವಸ್ತು ಮಾಡಿಕೊಂಡು 'ಗೊಲ್ಗೊಥಾ' ಖಂಡಕಾವ್ಯ ಬರೆದರು.

ಈಗ ನನ್ನ ತಪ್ಪಿನ ಕತೆ. ಊರಿನ ಹೆಸರು ಹೇಳುವುದಿಲ್ಲ. ಒಂದು ಹಳೆಯ ಧರ್ಮಕೇಂದ್ರದಿಂದ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಮೂರಡಿಯ ಸ್ವರೂಪ ಬಣ್ಣಕ್ಕೆ ಬಂತು. ಮುರಿದದ್ದೇನೂ ಇರಲಿಲ್ಲ. ಪಾದದ ಹತ್ತಿರ ಮಾತ್ರ ಬಣ್ಣ ಪೂರ್ತಿ ಹೋಗಿ, ಬೆರಳುಗಳು ಸವೆದು ಒಂದಕ್ಕೊಂದು ಕೂಡಿಕೊಂಡು, ಸಾಬೂನಿನ ಬಿಲ್ಲೆಯ ಹಾಗೆ ನುಣ್ಣಗಾಗಿದ್ದವು. ಶುಭ ಶುಕ್ರವಾರ ಜನ ಸಾಲಿನಲ್ಲಿ ಬಂದು ಮುತ್ತಿಡುವ ಜಾಗ ಅದು. ಆ ದಿನ ಬಲಿಪೂಜೆ ಇರುವುದಿಲ್ಲ. ಗುರುಗಳು ಬಟ್ಟೆ ಮುಚ್ಚಿದ ಶಿಲುಬೆಯನ್ನು ಮೂರು ಸಲಕ್ಕೆ ಸ್ವಲ್ಪ ಸ್ವಲ್ಪವೇ ತೆರೆದು ತೋರಿಸುತ್ತಾರೆ, ಆಮೇಲೆ ಊರಿಗೆ ಊರೇ ಚಪ್ಪಲಿ ಬಿಟ್ಟು ಸರದಿಯಲ್ಲಿ ನಿಲ್ಲುತ್ತದೆ. ಒಬ್ಬೊಬ್ಬರು ಮುತ್ತಿಟ್ಟ ಮೇಲೂ ಪಕ್ಕದ ಹುಡುಗ ಬಿಳಿ ಬಟ್ಟೆಯಲ್ಲಿ ಒರೆಸುತ್ತಾನೆ. ಪ್ಲಾಸ್ಟರಿಗೇ ಪೂಜೆ ಮಾಡುತ್ತೀರಾ ಎಂದು ಕೇಳುವವರಿಗೆ ಧರ್ಮಸಭೆ 787ರಲ್ಲೇ ನೈಸಿಯಾದ ಮಹಾಸಭೆಯಲ್ಲಿ ಉತ್ತರ ಕೊಟ್ಟಿದೆ: ಪ್ರತಿಮೆಗೆ ಕೊಟ್ಟ ಗೌರವ ಅದು ಯಾರ ಪ್ರತಿಮೆಯೋ ಅವರಿಗೆ ಸಲ್ಲುತ್ತದೆ. ಈ ಮುತ್ತಿನ ಪದ್ಧತಿ ಅದಕ್ಕಿಂತ ಹಳೆಯದು. ನಾಲ್ಕನೇ ಶತಮಾನದ ಕೊನೆಗೆ ಜೆರುಸಲೇಮಿಗೆ ಯಾತ್ರೆ ಹೋದ ಎಜೀರಿಯಾ ಎಂಬ ಹೆಂಗಸು ಅದನ್ನು ಕಂಡು ಬರೆದಿಟ್ಟಿದ್ದಾಳೆ. ಅಲ್ಲಿ ಇಟ್ಟಿದ್ದು ಯೇಸುವಿನ ನಿಜವಾದ ಶಿಲುಬೆಯದೆಂದು ನಂಬಿದ ಮರದ ತುಂಡು. ಹಿಂದೊಮ್ಮೆ ಯಾರೋ ಮುತ್ತಿಡುವ ನೆಪದಲ್ಲಿ ಒಂದು ಚೂರು ಕಚ್ಚಿಕೊಂಡು ಹೋಗಿದ್ದರಿಂದ ಸುತ್ತ ಕಾವಲು ನಿಲ್ಲಿಸಿದ್ದರಂತೆ! ಭಕ್ತಿಗೂ ಕಳ್ಳತನಕ್ಕೂ ಒಂದು ಹಲ್ಲಿನಷ್ಟೇ ದೂರ.

ಬಣ್ಣ ಮುಗಿಸಿ ಗರಿಗಳ ಭಾನುವಾರದ ಹಿಂದಿನ ದಿನ ಟೆಂಪೋದಿಂದ ಇಳಿಸುವಾಗ ನನ್ನ ಕೈ ಜಾರಿತು. ಪಾದ ಎರಡೂ ಪುಡಿಯಾದವು. ಫಾದರ್ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ವಾಪಸ್ ತಂದು, ಕಣಕಾಲಿನಿಂದ ಕಂಬಿ ಇಳಿಸಿ, ಹೊಸ ಪ್ಲಾಸ್ಟರಿನಲ್ಲಿ ಪಾದ ಕಟ್ಟಿ, ಹತ್ತೂ ಬೆರಳು ಬಿಡಿಸಿ, ಉಗುರು ಕೂಡ ಕೊರೆದೆ. ಗುರುವಾರ ಸಂಜೆ ಒಯ್ದು ಕೊಟ್ಟೆ. ಶುಕ್ರವಾರ ನಾನೂ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಮುದುಕಿ ಬಗ್ಗಿ, ತುಟಿ ತಾಗಿಸಿ, ತಲೆ ಎತ್ತಿ ಪಕ್ಕದವಳಿಗೆ ಹೇಳಿದಳು: "ಇದು ನಮ್ ಸ್ವಾಮಿ ಕಾಲಲ್ಲ ಕಣಮ್ಮ."

ಅವಳ ಅವ್ವ, ಅವಳ ಅತ್ತೆ, ಅವಳು, ಎಲ್ಲರ ತುಟಿಯೂ ಸೇರಿ ಸವೆಸಿದ್ದ ಕಾಲು ಅದು. ನಾನು ಕೊಟ್ಟದ್ದು ಉಗುರಿರುವ ಕಾಲು. ಅಂದಿನಿಂದ ಸವೆದ ಪಾದ ಬಂದರೆ ಬಣ್ಣ ಮಾತ್ರ ಹಚ್ಚುತ್ತೇನೆ, ಬೆರಳು ಬಿಡಿಸಲು ಹೋಗುವುದಿಲ್ಲ.

ಸರಿಮಾಡದೆ ಬಿಟ್ಟವರೂ ಇದ್ದಾರೆ. ಜರ್ಮನಿಯ ಮ್ಯೂನ್‌ಸ್ಟರ್ ನಗರದ ಸಂತ ಲುಡ್ಗರ್ ದೇವಾಲಯದ ಸ್ವರೂಪ ಎರಡನೇ ಮಹಾಯುದ್ಧದ ಬಾಂಬಿಗೆ ಎರಡೂ ತೋಳು ಕಳೆದುಕೊಂಡಿತು. ಮತ್ತೆ ತೋಳು ಜೋಡಿಸಲಿಲ್ಲ. ನಿಮ್ಮ ಕೈ ಬಿಟ್ಟರೆ ನನಗೆ ಬೇರೆ ಕೈ ಇಲ್ಲ ಎಂಬ ಅರ್ಥದ ಮಾತನ್ನು ತೋಳಿರಬೇಕಾದ ಜಾಗದಲ್ಲಿ ಬರೆಸಿದರು. ಕೊಲಂಬಿಯಾದ ಬೊಹಾಯಾ ಎಂಬಲ್ಲಿ 2002ರ ಮೇ 2ರಂದು ಕಾಳಗದ ನಡುವೆ ಸಿಕ್ಕಿಕೊಂಡ ಜನ ದೇವಾಲಯದೊಳಗೆ ಅವಿತಿದ್ದರು. ಫಾರ್ಕ್ ಗೆರಿಲ್ಲಾಗಳು ಹಾರಿಸಿದ ಗ್ಯಾಸ್ ಸಿಲಿಂಡರ್ ಬಾಂಬು ಆ ಚಾವಣಿಯ ಮೇಲೇ ಬಿತ್ತು. ಹತ್ತಾರು ಜನ ಸತ್ತರು, ಬಹಳ ಮಂದಿ ಮಕ್ಕಳು. ಪೀಠದ ಸ್ವರೂಪದ್ದು ತಲೆ ಮತ್ತು ಮುಂಡ ಮಾತ್ರ ಉಳಿಯಿತು. ತೋಳಿಲ್ಲ, ಕಾಲಿಲ್ಲ. ಅದನ್ನು ಹಾಗೆಯೇ ಇಟ್ಟುಕೊಂಡಿದ್ದಾರೆ. 2017ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬಿಯಾಕ್ಕೆ ಹೋದಾಗ ಅದನ್ನು ಹೊತ್ತು ತಂದು ಅವರ ಮುಂದೆ ಇಟ್ಟರು. ಅವರು ಅದರ ಮುಂದೆ ಪ್ರಾರ್ಥಿಸಿದರು. ಅದರ ಫೋಟೊ ಕತ್ತರಿಸಿ ನನ್ನ ಶೆಡ್ಡಿನಲ್ಲಿ ಅಂಟಿಸಿದ್ದೇನೆ. ಬಾಗಲಕೋಟೆಯ ಹುಡುಗ ನೋಡಿ, "ಇದನ್ನ ಜೋಡಸಾಕ ಬರತಿತ್ತಲ್ರೀ?" ಅಂದ. ಬರುತ್ತಿತ್ತು. ನಾಲ್ಕು ದಿನದ ಕೆಲಸ.

ನಮ್ಮ ಮನೆಯಲ್ಲೂ ಸರಿಮಾಡದ ಒಂದಿದೆ. ಅಜ್ಜಿಯ ಹಿತ್ತಾಳೆಯ ಸ್ವರೂಪ, ಒಂದು ಗೇಣು ಉದ್ದ. ಹೆಬ್ಬೆರಳು ಆಡಿಸಿ ಆಡಿಸಿ ಮುಖ ಪೂರ್ತಿ ಅಳಿಸಿಹೋಗಿದೆ, ಮೂಗು ಯಾವುದು ಗಡ್ಡ ಯಾವುದು ತಿಳಿಯುವುದಿಲ್ಲ. ಯಾರಿಗಾದರೂ ಕಡೆಗಾಲ ಬಂದರೆ ಫಾದರ್ ಬಂದು ಎಣ್ಣೆ ಹಚ್ಚಿ ಅಭ್ಯಂಗ ಕೊಡುತ್ತಾರೆ, ಮನೆಯವರು ಇದನ್ನು ಅವರ ಕೈಗೆ ಕೊಡುತ್ತಾರೆ. ಅಜ್ಜಿ ಹಿಡಿದುಕೊಂಡು ಹೋದಳು, ಅಪ್ಪ ಹಿಡಿದುಕೊಂಡು ಹೋದರು. ಅಮ್ಮನಿಗೆ ಕಡೆಯ ಮೂರು ದಿನ ಮಾತು ನಿಂತಿತ್ತು, ನಮ್ಮ ಗುರುತೂ ಇರಲಿಲ್ಲ. ಹೆಬ್ಬೆರಳು ಮಾತ್ರ ಆ ಮುಖದ ಮೇಲೆ ಆಡುತ್ತಲೇ ಇತ್ತು. ಕೆಲವರು ಸ್ವರೂಪವನ್ನು ಪೆಟ್ಟಿಗೆಯೊಳಗೇ ಬಿಡುತ್ತಾರೆ. ನಾವು ಮುಚ್ಚುವ ಮುಂಚೆ ಬಿಡಿಸಿಕೊಂಡೆವು. ತಂಗಿ, "ನೀನೇ ಇಷ್ಟು ಕೆಲಸ ಮಾಡ್ತೀಯಲ್ಲ ಅಣ್ಣ, ಮುಖ ಕೊರೆದು ಕೊಡಬಾರದಾ?" ಅಂದಳು. ನನ್ನಿಂದಾಗಲ್ಲ ಅಂದುಬಿಟ್ಟೆ.

ಜೋಡಿಸಲಾಗದಷ್ಟು ಪುಡಿಯಾದದ್ದನ್ನು ಏನು ಮಾಡುತ್ತೀರಿ ಎಂದು ಬಹಳ ಜನ ಕೇಳುತ್ತಾರೆ. ಮಂತ್ರಿಸಿದ ವಸ್ತುವನ್ನು ಕಸಕ್ಕೆ ಹಾಕುವಂತಿಲ್ಲ, ಸುಡಬೇಕು ಇಲ್ಲವೆ ಮಣ್ಣು ಮಾಡಬೇಕು ಎಂಬುದು ನಮ್ಮಲ್ಲಿನ ರೂಢಿ. ಶೆಡ್ಡಿನ ಪಕ್ಕದ ಸೀಬೆಗಿಡದ ಬುಡದಲ್ಲಿ ಮೂವತ್ತೈದು ವರ್ಷದ ಬೆರಳುಗಳಿವೆ. ಈಗ ಆ ಹುಡುಗನೇ ಅಗೆದು ಮುಚ್ಚುತ್ತಾನೆ. ಮುಚ್ಚಿದ ಮೇಲೆ ಕೈ ತೊಳೆದು, ತನ್ನ ಪದ್ಧತಿಯಂತೆ ಒಮ್ಮೆ ನಮಸ್ಕಾರ ಹಾಕುತ್ತಾನೆ.

ನಿಮ್ಮ ಮನೆಯಲ್ಲಿ ಯಾವುದಾದರೂ ಸ್ವರೂಪ ಬಿದ್ದು ಮುರಿದರೆ ಗಾಬರಿ ಬೀಳಬೇಡಿ, ಅಪಶಕುನ ಎಂದು ಕಣ್ಣೀರು ಹಾಕುವುದೂ ಬೇಡ. ಪೊರಕೆ ಹಿಡಿಯುವ ಮುಂಚೆ ಮಂಚದ ಕೆಳಗೆ, ಬೀರುವಿನ ಸಂದಿಯಲ್ಲಿ ಹುಡುಕಿ. ತುಂಡು ಎಷ್ಟೇ ಚಿಕ್ಕದಾಗಿರಲಿ, ಹಳೆಯ ಬಟ್ಟೆಯಲ್ಲಿ ಸುತ್ತಿ ಜೊತೆಗೆ ತನ್ನಿ. ಹೊಸ ಬೆರಳು ಮಾಡುವುದಕ್ಕಿಂತ ಹಳೆಯದನ್ನು ಅಂಟಿಸುವುದು ಸುಲಭ, ದುಡ್ಡೂ ಕಡಿಮೆ.